ಗೇಟಿನಲ್ಲಿ ಬಿಟ್ಟ ಮೊಬೈಲ್

ಮೊಬೈಲ್ ಜೋಪಾನವಾಗಿ ಬಳಸಿ ಎಂದು ಜನರಿಗೆ ಹೇಳುವುದೇ ನನ್ನ ನೌಕರಿ. ಹೇಳಿದ ದಿನವೇ ಏನಾದರೊಂದು ಆಗುತ್ತದೆ. ಹೇಳದೆ ಸುಮ್ಮನಿದ್ದ ದಿನ ಏನಾದರೂ ಆಗಿದ್ದು ನನಗೆ ನೆನಪಿಲ್ಲ. ಆದರೆ ಪಗಾರ ಕೊಡುವುದು ಹೇಳುವುದಕ್ಕೆ, ಆದ್ದರಿಂದ ಹೇಳುತ್ತೇನೆ.

ಮೂಲ ಗದಗ ಕಡೆ. ಈಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಒಂದು ಥಿನ್ನರ್ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಬಣ್ಣಕ್ಕೆ ಬೆರೆಸುವ ಥಿನ್ನರಿನ ಆವಿ ತುಂಬಿದ ಶೆಡ್ಡಿನಲ್ಲಿ ಒಂದು ಕಿಡಿ ಹಾರಿದರೆ ಮುಗಿಯಿತು. ಡೊಂಬಿವಲಿಯಲ್ಲಿ ದೀಪಾವಳಿಯ ಪಟಾಕಿ ಸ್ವಲ್ಪ ಜೋರಾಗಿ ಸಿಡಿದರೂ ಜನ ಮೊದಲು ಎಂಐಡಿಸಿ ದಿಕ್ಕಿಗೆ ತಿರುಗಿ ನೋಡುತ್ತಾರೆ. ಹೀಗಾಗಿ ಶೆಡ್ ಒಳಗೆ ಮೊಬೈಲ್ ಒಯ್ಯುವಂತಿಲ್ಲ.

ಹೋದ ವರ್ಷ ಸರ್ಕಾರಿ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಶೆಡ್ಡಿನಲ್ಲಿ ಒಬ್ಬ ಡ್ರಮ್ಮಿನ ಮೇಲೆ ಮೊಬೈಲ್ ನಿಲ್ಲಿಸಿ ಕ್ರಿಕೆಟ್ ನೋಡುತ್ತಿದ್ದ. ಸಾಹೇಬರು ಸ್ಕೋರ್ ಕೇಳಿದರು. ಅವನು ಹೇಳಿದ. ಸಾಹೇಬರು ಅಲ್ಲೇ ನಿಂತು ನೋಟಿಸ್ ಬರೆದರು: ಮೂರು ತಿಂಗಳಲ್ಲಿ ಮತ್ತೆ ಬರುತ್ತೇನೆ, ಸುಧಾರಣೆ ಕಾಣದಿದ್ದರೆ ಶೆಡ್ಡಿಗೆ ಬೀಗ. ಬೀಗ ಬಿದ್ದರೆ ನೂರಾ ನಲವತ್ತು ಜನರ ಕೆಲಸ ಹೋಗುತ್ತದೆ, ಅದರಲ್ಲಿ ಮೊದಲನೆಯದು ನಿನ್ನದು ಎಂದು ಮಾಲೀಕರಾದ ನಮ್ಮ ಸೇಠ್ ನನ್ನನ್ನು ಪ್ರತ್ಯೇಕವಾಗಿ ಕರೆದು ಹೇಳಿದರು. ನನಗೆ ಐವತ್ತಾರು. ಈ ವಯಸ್ಸಿಗೆ ಬಯೋಡೇಟಾ ಹಿಡಿದು ತಿರುಗುವುದು ಆಗದ ಮಾತು.

೧. ಹುಬ್ಬಳ್ಳಿಯ ಸೀಟಿ

ಸುಧಾರಣೆ ಮನೆಯಿಂದಲೇ ಆಗಲಿ ಎಂದು ಅಡುಗೆಮನೆಗೆ ಹೋದೆ. ಅದು ಮೊದಲ ತಪ್ಪು.

ನನ್ನ ಹೆಂಡತಿ ದಿನಾ ಬೆಳಿಗ್ಗೆ ಮೊಬೈಲನ್ನು ಗ್ಯಾಸ್ ಕಟ್ಟೆಯ ಮೇಲೆ ಮಸಾಲೆ ಡಬ್ಬಿಗೆ ಆನಿಸಿಟ್ಟು ಹುಬ್ಬಳ್ಳಿಯ ತಂಗಿಗೆ ವಿಡಿಯೋ ಕಾಲ್ ಹಚ್ಚುತ್ತಾಳೆ. ಅಲ್ಲಿ ತಂಗಿಯದೂ ಅದೇ ಕ್ರಮ. ಅಕ್ಕತಂಗಿ ಕೂಡಿಯೇ ಅಡುಗೆ ಮಾಡುತ್ತಾರೆ, ನಡುವೆ ಒಂದು ರಾತ್ರಿಯ ಬಸ್ ಪ್ರಯಾಣ ಇದೆ ಅಷ್ಟೆ. ಒಲೆಯ ಹತ್ತಿರ ಮೊಬೈಲ್ ಇಡಬಾರದು, ಬಿಸಿಗೆ ಬ್ಯಾಟರಿ ಉಬ್ಬುತ್ತದೆ, ಮಾತಿನ ಭರದಲ್ಲಿ ಒಲೆ ಮೇಲಿನ ಲಕ್ಷ್ಯ ತಪ್ಪುತ್ತದೆ ಎಂದು ತಿಳಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಸೇಫ್ಟಿ ಫ್ಯಾಕ್ಟರಿ ಗೇಟಿನ್ಯಾಗ ಬಿಟ್ಟು ಬರ್ರಿ. ಮನೀಗೆ ತರಬ್ಯಾಡ್ರಿ," ಅಂದಳು.

ಆ ವಾರ ಮೂರು ದಿನ ತಾಟಿಗೆ ಬಂದ ಅನ್ನ ಅರೆಬೆಂದದ್ದು. ಮೂರು ಸೀಟಿ ಎಣಿಸಿಯೇ ಗ್ಯಾಸ್ ಆರಿಸಿದ್ದೇನೆ ಎಂದು ಹೆಂಡತಿ ಆಣೆ ಮಾಡಿದಳು. ಕುಕ್ಕರಿನ ರಬ್ಬರ್ ಬದಲಾಯಿಸಿದೆವು. ಅಕ್ಕಿ ಕೊಟ್ಟ ಅಂಗಡಿಯವನ ಜೊತೆ ಜಗಳ ಮಾಡಿ ಬಂದೆವು. ನಾಲ್ಕನೆಯ ದಿನ ನಾನೇ ಒಲೆಯ ಮುಂದೆ ನಿಂತೆ. ಸೀಟಿ ಹೊಡೆಯಿತು. ನಮ್ಮ ಕುಕ್ಕರ್ ಮಾತ್ರ ಉಸಿರೂ ಬಿಟ್ಟಿರಲಿಲ್ಲ. ಎರಡನೆಯ ಸೀಟಿ ಹೊಡೆಯಿತು, ಮೂರನೆಯದೂ ಹೊಡೆಯಿತು. ಹೆಂಡತಿ ಮಾತು ನಿಲ್ಲಿಸದೆ ಕೈ ಚಾಚಿ ಗ್ಯಾಸ್ ಆರಿಸಿದಳು. ಸೀಟಿ ಬಂದದ್ದು ಮಸಾಲೆ ಡಬ್ಬಿಯ ಕಡೆಯಿಂದ, ಅಂದರೆ ಹುಬ್ಬಳ್ಳಿಯಿಂದ.

ಇದನ್ನು ಸಾಕ್ಷಿಸಮೇತ ತೋರಿಸಿದ ಮೇಲೆ ಅವಳು ಒಪ್ಪಿಕೊಂಡು ಕ್ರಮ ಬದಲಾಯಿಸಿದಳು. ಮೊಬೈಲ್ ಇದ್ದಲ್ಲೇ ಇದೆ. ನಮ್ಮ ಕುಕ್ಕರ್ ಇಳಿಯುವ ತನಕ ತಂಗಿ ತನ್ನದನ್ನು ಏರಿಸುವಂತಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಷಡ್ಡಕ ಈಗ ದಿನಾ ಆಫೀಸಿಗೆ ತಡವಾಗಿ ಹೋಗುತ್ತಾನೆ.

೨. ಬಾಗಿಲಲ್ಲಿ ನಿಂತ ಗೃಹಸ್ಥ

ನೋಟಿಸಿನ ಗಡುವು ಒಂದು ತಿಂಗಳು ಮುಂದೆ ಹೋದೀತೇನೋ ಎಂದು ಕೇಳಲು ಠಾಣೆ ಪಟ್ಟಣದಲ್ಲಿರುವ ಸಾಹೇಬರ ಆಫೀಸಿಗೆ ಹೊರಟೆ. ಬೆಳಗಿನ ಫಾಸ್ಟ್ ಲೋಕಲ್ ರೈಲು. ಡೊಂಬಿವಲಿಯಲ್ಲಿ ಆ ಹೊತ್ತಿಗೆ ನಾವು ಗಾಡಿ ಹತ್ತುವುದಿಲ್ಲ, ಜನವೇ ನಮ್ಮನ್ನು ಹತ್ತಿಸುತ್ತಾರೆ.

ಬಾಗಿಲಲ್ಲಿ ನಲವತ್ತರ ಆಸುಪಾಸಿನ ಒಬ್ಬ ಗೃಹಸ್ಥ ಅರ್ಧ ಮೈ ಹೊರಗೆ ಚೆಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಎದೆಗೆ ಕಟ್ಟಿಕೊಂಡ ಬ್ಯಾಗು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು. ಮೊಬೈಲಿನಲ್ಲಿ ಯಾರೋ ಪನೀರ್ ಕತ್ತರಿಸುತ್ತಿದ್ದರು. ಹಳಿಯ ಬದಿಯಲ್ಲಿ ಕೋಲು ಹಿಡಿದು ನಿಂತವರು ಇಂಥ ಕೈಗೇ ಹೊಡೆದು ಮೊಬೈಲ್ ಬೀಳಿಸುತ್ತಾರೆ. ಮೊಬೈಲ್ ಹಿಡಿಯಲು ಹೋಗಿ ಮನುಷ್ಯನೂ ಬೀಳುತ್ತಾನೆ. ನನಗೆ ತಡೆಯಲಾಗಲಿಲ್ಲ. ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿ, ಅದನ್ನು ಒಳಗೆ ಇಡಪ್ಪಾ ಎಂದೆ.

ಆತ ಬಹಳ ಮರ್ಯಾದಸ್ಥ. ಉಳಿದವರ ಹಾಗೆ ನಿಮಗ್ಯಾಕೆ ಎನ್ನಲಿಲ್ಲ. "ಬರೋಬರ್ ಹೇಳಿದ್ರಿ ಕಾಕಾ" ಎಂಬರ್ಥದಲ್ಲಿ ತಲೆಯಾಡಿಸಿ, ಮೊಬೈಲನ್ನು ಮೂರು ತಲೆಗಳ ಮೇಲಿಂದ ದಾಟಿಸಿ ನನ್ನ ಕೈಗೆ ಕೊಟ್ಟ. ಆಮೇಲೆ ಬಿಡುವಾದ ಕೈಯನ್ನೂ ಹೊರಗೆ ಚಾಚಿ ಗಾಳಿಗೆ ಮುಖವೊಡ್ಡಿ ನಿಂತ.

ಮುಂಬ್ರಾ ತಿರುವಿನಲ್ಲಿ ಗಾಡಿ ವಾಲಿತು. ಆತ ಹೊರಗಿನಿಂದಲೇ ಕತ್ತು ತಿರುಗಿಸಿ, ಒಳಗೆ ತುಂಬಾ ಗರ್ದಿ ಇದೆ, ಮೊಬೈಲ್ ಮೇಲೆ ಯಾರ ಮೊಣಕೈಯೂ ಬೀಳದ ಹಾಗೆ ನೋಡಿಕೊಳ್ಳಿ ಎಂದು ನನ್ನನ್ನೇ ಎಚ್ಚರಿಸಿದ.

ಠಾಣೆಯಲ್ಲಿ ಅವನ ಮೊಬೈಲ್ ಅವನಿಗೆ ಕೊಟ್ಟು ಇಳಿದೆ. ಗಡುವು ಮಾತ್ರ ಮುಂದೆ ಹೋಗಲಿಲ್ಲ.

೩. ಗೂಡುಗಳ ಮೌನ

ಕಾರ್ಖಾನೆಯ ಗೇಟಿನಲ್ಲಿ ನೂರೈವತ್ತು ಗೂಡುಗಳ ಕಪಾಟು ಮಾಡಿಸಿದೆ. ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಹಾಗೆ: ಮೊಬೈಲ್ ಕೊಡಬೇಕು, ಹಿತ್ತಾಳೆಯ ಟೋಕನ್ ಪಡೆಯಬೇಕು, ಸಹಿ ಮಾಡಿ ಒಳಗೆ ಹೋಗಬೇಕು. ನೋಡಿಕೊಳ್ಳಲು ನಮ್ಮ ಹವಾಲ್ದಾರ. ಸೈನ್ಯದಿಂದ ನಿವೃತ್ತನಾದ ಸಾತಾರಾ ಕಡೆಯ ಮನುಷ್ಯ. ಟೋಕನ್ ಇಲ್ಲದೆ ಸ್ವಂತ ಮೊಬೈಲನ್ನೂ ತಾನು ಮುಟ್ಟುವುದಿಲ್ಲ.

ಮೊದಲ ವಾರವೇ ಹೆಚ್ಚುಕಡಿಮೆ ಎಲ್ಲ ಗೂಡುಗಳೂ ತುಂಬಿದವು. ನನಗೆ ಹೆಮ್ಮೆಯಾಯಿತು. ಅದಕ್ಕಿಂತ ಹೆಮ್ಮೆ ಎಂದರೆ, ಅಷ್ಟು ಮೊಬೈಲ್ ಇದ್ದರೂ ಇಡೀ ದಿನ ಒಂದೂ ಸದ್ದು ಮಾಡುತ್ತಿರಲಿಲ್ಲ. ನಮ್ಮವರು ಸೈಲೆಂಟ್ ಮಾಡಿ ಕೊಡುತ್ತಾರೆ, ಎಂಥ ಶಿಸ್ತು ಎಂದು ಸೇಠ್ ಎದುರು ಹೊಗಳಿದೆ.

ಎರಡನೆಯ ವಾರ ಫೋರ್‌ಮನ್‌ನ ಹೆಂಡತಿ ಊಟದ ಡಬ್ಬಿ ಹಿಡಿದು ಗೇಟಿಗೆ ಬಂದಳು. ಗಂಡ ಮರೆತು ಹೋಗಿದ್ದಾನೆ, ಈಗಷ್ಟೇ ಫೋನ್ ಮಾಡಿ ತರಲು ಹೇಳಿದ ಎಂದಳು. ಅದು ಸಾಧ್ಯವೇ ಇಲ್ಲ, ಅವನ ಫೋನ್ ಇಲ್ಲೇ ಹದಿನೇಳನೇ ಗೂಡಿನಲ್ಲಿದೆ ಎಂದ ಹವಾಲ್ದಾರ. ಆಕೆ ಇಣುಕಿ ನೋಡಿದಳು. ಇದು ನಮ್ಮ ಅತ್ತೆಯದು, ಎರಡು ವರ್ಷದ ಹಿಂದೆ ಬಾವಿಗೆ ಬಿದ್ದಿತ್ತು ಎಂದಳು.

ನಾನು ಎಲ್ಲ ಗೂಡುಗಳನ್ನೂ ತಪಾಸಣೆ ಮಾಡಿದೆ. ಜೀವ ಇದ್ದದ್ದು ಆರಕ್ಕೆ, ಹವಾಲ್ದಾರನದೂ ಸೇರಿ. ಕೆಲವಕ್ಕೆ ಬ್ಯಾಟರಿ ಇರಲಿಲ್ಲ, ಕೆಲವಕ್ಕೆ ಮುಖವೇ ಇರಲಿಲ್ಲ. ಪ್ಯಾಕಿಂಗ್ ವಿಭಾಗದ ಒಬ್ಬಾಕೆಯದು ಮೊಮ್ಮಗನ ಆಟಿಕೆ, ಗುಂಡಿ ಒತ್ತಿದರೆ ನಾಯಿ ಬೊಗಳುತ್ತಿತ್ತು. ಇಪ್ಪತ್ತಮೂರನೇ ಗೂಡಿನಲ್ಲಿ ಕವರ್ ಹಾಕಿದ ಟಿವಿ ರಿಮೋಟ್. ಅದಕ್ಕೂ ದಿನಾ ಸಹಿ ಆಗಿತ್ತು. ನಾನು ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರುವವರು.

ಮರುದಿನದಿಂದ ಹೊಸ ನಿಯಮ ತಂದೆ. ಕೊಟ್ಟ ಮೊಬೈಲಿಗೆ ಹವಾಲ್ದಾರ ಗೇಟಿನ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಡಬೇಕು. ರಿಂಗಾದರೆ ಮಾತ್ರ ಟೋಕನ್. ಬೆಳಗಿನ ಪಾಳಿಯಲ್ಲಿ ಗೇಟಿನಿಂದ ಭಜನೆ, ಲಾವಣಿ, ಕೋಳಿ ಕೂಗು ಎಲ್ಲ ಒಟ್ಟಿಗೆ ಕೇಳತೊಡಗಿತು. ನಿಜವಾದ ಮೊಬೈಲ್‌ಗಳು ಗೂಡು ಸೇರಿದವು. ಜನರ ಮುಖದಲ್ಲಿ ಕಳೆ ಇಲ್ಲ. ಊಟದ ಬಿಡುವಿನಲ್ಲಿ ಕೆಲವರು ಗೇಟಿನ ತನಕ ನಡೆದು ಬಂದು, ದೂರದಿಂದಲೇ ತಮ್ಮ ಗೂಡು ನೋಡಿ ವಾಪಸು ಹೋಗುತ್ತಿದ್ದರು.

೪. ಸೇಠ್ ಮೆಚ್ಚಿದ್ದು

ಗಡುವಿಗೆ ಹತ್ತು ದಿನ ಇದ್ದಾಗ ಆಫೀಸಿನಲ್ಲಿ ಕುಳಿತಿದ್ದ ನನಗೆ ಸೇಠ್ ಅವರ ಫೋನ್ ಬಂತು. ಅವರು ಮೆಚ್ಚಿ ಮಾತಾಡುವುದು ಅಪರೂಪ, ಹಾಗಾಗಿ ಎದ್ದು ನಿಂತು ಕೇಳಿದೆ. ನಿನ್ನ ಕೆಲಸ ಕಣ್ಣಾರೆ ನೋಡಿದೆ, ಹದಿನೈದು ನಿಮಿಷದಿಂದ ಮೂಲೆಮೂಲೆ ಹುಡುಕುತ್ತಿದ್ದೇನೆ, ಒಬ್ಬನ ಕೈಯಲ್ಲೂ ಮೊಬೈಲ್ ಇಲ್ಲ, ಶಾಬಾಸ್ ಎಂದರು.

ಹಿಂದಿನಿಂದ ಪಂಪಿನ ಸದ್ದು ಕೇಳುತ್ತಿತ್ತು. ನನಗೆ ಸಂಶಯ ಬಂತು. ತಾವು ಎಲ್ಲಿದ್ದೀರಿ ಸೇಠ್ ಎಂದೆ.

ಶೆಡ್ ಒಳಗೆ, ಮಿಕ್ಸಿಂಗ್ ಟ್ಯಾಂಕಿನ ಪಕ್ಕದಲ್ಲಿ ಎಂದರು.

ಹೌದು ಸೇಠ್, ಹೌದು ಸೇಠ್, ಏನೂ ಒತ್ತಬೇಡಿ, ಹಾಗೇ ಮಾತಾಡುತ್ತಾ ಮಾತಾಡುತ್ತಾ ಹೊರಗೆ ಬನ್ನಿ ಎಂದೆ. ಅವರು ಹೊಗಳುತ್ತಲೇ ಹೊರಗೆ ಬಂದರು. ಹಿಂದಿನ ಬಾಗಿಲಿಂದ ಒಳಗೆ ಹೋಗಿದ್ದರಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪಗಾರ ಕೊಡುವವರು, ನುಂಗಿಕೊಂಡೆ. ಮರುದಿನದಿಂದ ಹವಾಲ್ದಾರ ಅವರಿಗೂ ಮಿಸ್ಡ್ ಕಾಲ್ ಕೊಡತೊಡಗಿದ.

೫. ಸೈರನ್

ಗಡುವಿನ ದಿನ ಸಾಹೇಬರು ಬಂದರು. ಹವಾಲ್ದಾರ ಅವರ ಮೊಬೈಲನ್ನೂ ಇಸಿದುಕೊಂಡು, ಬಾರಿಸಿ ನೋಡಿ, ಟೋಕನ್ ಕೊಟ್ಟ. ಸಾಹೇಬರಿಗೆ ಇದು ಹಿಡಿಸಿತು. ಶೆಡ್ಡನ್ನು ಇಂಚಿಂಚೂ ನೋಡಿದರು. ಡ್ರಮ್ಮಿನ ಹಿಂದೆ ಬಗ್ಗಿದರು, ಜನರ ಜೇಬು ತಡವಿದರು. ಒಂದು ಮೊಬೈಲ್ ಸಿಗಲಿಲ್ಲ. ನೋಟಿಸ್ ವಾಪಸ್ ಪಡೆದೆ ಎಂದು ಬರೆಯಲು ಪೆನ್ನು ತೆಗೆದವರು, ಕೊನೆಯದಾಗಿ ಒಂದು ಫೈರ್ ಡ್ರಿಲ್ ತೋರಿಸಿಬಿಡಿ ಎಂದರು. ಸೈರನ್ ಬಾರಿಸಬೇಕು. ಮೂರು ನಿಮಿಷದಲ್ಲಿ ಎಲ್ಲರೂ ಹಿಂದಿನ ಬಯಲಿನ ಬೇವಿನ ಮರದ ಕೆಳಗೆ ಸೇರಬೇಕು. ಸೇರದಿದ್ದರೆ ಬೀಗ.

ನಾನು ಸೈರನ್ ಒತ್ತಿಸಿ, ಹಾಜರಿ ಪಟ್ಟಿ ಹಿಡಿದು ಮರದ ಕೆಳಗೆ ಓಡಿದೆ. ಅಲ್ಲಿ ನಮ್ಮ ಕ್ಯಾಂಟೀನಿನ ಉಡುಪಿ ಕಡೆಯ ಅಡುಗೆಯವರು ಎಂದಿನಂತೆ ಕೂತು ಬೀನ್ಸ್ ಹೆಚ್ಚುತ್ತಿದ್ದರು. ಮೊಬೈಲ್ ಎಂಬುದನ್ನೇ ಇಟ್ಟುಕೊಳ್ಳದ ಮನುಷ್ಯ. ಒಂದು ನಿಮಿಷ ಆಯಿತು. ಎರಡಾಯಿತು. ಮೂರಾಯಿತು. ಮರದ ಕೆಳಗೆ ನಾವಿಬ್ಬರೇ.

"ಎಲ್ಲರೂ ಗೇಟಿನ ಹತ್ರ ಇದ್ದಾರಲ್ಲ ಮಾರಾಯ್ರೆ," ಅಂದರು ಅವರು, ಬೀನ್ಸಿನಿಂದ ತಲೆ ಎತ್ತದೆ.

ಓಡಿದೆ. ಗೇಟಿನಿಂದ ಶೆಡ್ಡಿನ ತನಕ ಸಾಲು ನಿಂತಿತ್ತು. ಬೆಂಕಿ ಬಿದ್ದಿದೆ ಎಂದು ಸೈರನ್ ಹೊಡೆದುಕೊಳ್ಳುತ್ತಿದೆ, ಜನ ಟೋಕನ್ ಹಿಡಿದು ಸರದಿಗಾಗಿ ಕಾಯುತ್ತಿದ್ದಾರೆ. ಯಾರೂ ತಳ್ಳುತ್ತಿರಲಿಲ್ಲ. ಹವಾಲ್ದಾರ "ಟೋಕನ್ ದಾಖವಾ" ಎಂದು ಮರಾಠಿಯಲ್ಲಿ ಟೋಕನ್ ಕೇಳುತ್ತಾ ಒಂದೊಂದೇ ಮೊಬೈಲ್ ತೆಗೆದು, ಸಹಿ ಹಾಕಿಸಿಕೊಂಡು ಕೊಡುತ್ತಿದ್ದ. ನಾಲ್ಕನೆಯವರಾಗಿ ಸೇಠ್ ನಿಂತಿದ್ದರು. ಅವರ ಹಿಂದೆ ಇನ್ಸ್‌ಪೆಕ್ಟರ್ ಸಾಹೇಬರು.

ಮುಗಿಯಿತು ಎಂದುಕೊಂಡೆ. ನೂರಾ ನಲವತ್ತು ಮನೆಗಳ ಒಲೆ ಕಣ್ಣ ಮುಂದೆ ಬಂತು, ನಾಚಿಕೆ ಬಿಟ್ಟು ಹೇಳಬೇಕೆಂದರೆ ಮೊದಲು ಬಂದದ್ದು ನನ್ನ ಮನೆಯದು. ಜನ ಮೊಬೈಲ್ ಒಳಗೆ ಒಯ್ಯದಂತೆ ಮಾಡಿದವನು ನಾನೇ. ಅದಕ್ಕೇ ಅವರೆಲ್ಲ ಗೇಟಿಗೆ ಬಂದಿದ್ದರು. ಸಾಹೇಬರು ತಮ್ಮ ಮೊಬೈಲ್ ಪಡೆದು, ಜೇಬಿಗಿಟ್ಟು, ಸಾಲಿನಿಂದ ಹೊರಗೆ ಬಂದು ಬಹಳ ಹೊತ್ತು ಬರೆದರು. ನಾನು ಕೈಕಟ್ಟಿ ನಿಂತಿದ್ದೆ. ಅವರು ಬರೆದದ್ದು ಮೂರು ಮಾತು. ಶೆಡ್ಡಿನಲ್ಲಿ ಮೊಬೈಲ್ ಇಲ್ಲ, ತೃಪ್ತಿಕರ. ಸೈರನ್ ಆದೊಡನೆ ಎಲ್ಲರೂ ಶಿಸ್ತಿನಿಂದ ಒಂದೇ ಕಡೆ ಸೇರಿದ್ದನ್ನು ಖುದ್ದು ಹಾಜರಿದ್ದು ನೋಡಿದ್ದೇನೆ. ಜಾಗ ಮಾತ್ರ ತಪ್ಪು, ಕಪಾಟನ್ನು ಎಂಟು ದಿನದಲ್ಲಿ ಬೇವಿನ ಮರದ ಕೆಳಗೆ ಒಯ್ದು ಮತ್ತೆ ಡ್ರಿಲ್ ಮಾಡಿ ತೋರಿಸುವುದು.

ಕಪಾಟಿಗೆ ತಗಡಿನ ಸೂರು ಹೊದಿಸಿ ಮರದ ಕೆಳಗೆ ನಿಲ್ಲಿಸಿದೆವು. ಅಡುಗೆಯವರಿಗೆ ಕೂರಲು ಜಾಗ ಉಳಿಯಲಿಲ್ಲ, ಬೀನ್ಸ್ ಎತ್ತಿಕೊಂಡು ಕ್ಯಾಂಟೀನಿಗೆ ಹೋದರು. ಎಂಟನೆಯ ದಿನ ಸಾಹೇಬರು ಬಂದು ಗಡಿಯಾರ ಹಿಡಿದು ನಿಂತರು. ಸೈರನ್ ಆಯಿತು. ಐವತ್ತೈದು ಸೆಕೆಂಡಿನಲ್ಲಿ ಇಡೀ ಕಾರ್ಖಾನೆ ಮರದ ಕೆಳಗಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಸ್ಟೋರ್‌ಕೀಪರ್ ಆರನೆಯವನಾಗಿ ಬಂದ. ಇಪ್ಪತ್ತೆರಡು ವರ್ಷ ಜೀವ ಉಳಿಸಿಕೊಳ್ಳಿ, ಓಡಿ ಎಂದು ಗಂಟಲು ಹರಿದುಕೊಂಡಿದ್ದೆ, ಒಬ್ಬನೂ ಹೀಗೆ ಓಡಿರಲಿಲ್ಲ. ಖುಷಿಗೆ ನನ್ನ ಕಣ್ಣು ಒದ್ದೆಯಾಯಿತು.

ಹಾಜರಿ ಕರೆದಾಗ ಒಬ್ಬರು ಕಡಿಮೆ. ಅಡುಗೆಯವರು ಗ್ಯಾಸ್ ಆರಿಸಿ, ಸಾಂಬಾರಿಗೆ ಮುಚ್ಚಳ ಮುಚ್ಚಿ, ಕೈ ತೊಳೆದು, ಪಂಚೆಯಲ್ಲಿ ಒರೆಸಿಕೊಳ್ಳುತ್ತಾ ನಾಲ್ಕು ನಿಮಿಷಕ್ಕೆ ಬಂದರು.

ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಮೊಬೈಲ್ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದರು ಅಡುಗೆಯವರು. ಸಾಹೇಬರು ನೋಟಿಸನ್ನು ವಾಪಸ್ ಪಡೆದು, ಕೆಳಗೆ ಒಂದು ಷರಾ ಬರೆದು ಸಹಿ ಹಾಕಿದರು: ಸುರಕ್ಷತೆಯ ದೃಷ್ಟಿಯಿಂದ ಇವರಿಗೆ ಕೂಡಲೇ ಒಂದು ಮೊಬೈಲ್ ಕೊಡಿಸತಕ್ಕದ್ದು.

ಕೊಡಿಸಿದ್ದೇವೆ. ಹೆಲ್ಮೆಟ್ಟು, ಕೈಗವಸು, ಬೂಟುಗಳ ಪಟ್ಟಿಯಲ್ಲೇ ಅದನ್ನೂ ಸೇರಿಸಿದ್ದೇನೆ.