ಡೈರಿಯ ಹಳೇ ವೈರಿಗೊಂದು ಹೊಸ ಕಣ್ಣು

ನ್ಯಾಯ ಕೇಳೋಣ ಎಂದು ನಾನು ಎಲ್ಲಿ ಗಂಟಲು ಹರಿದುಕೊಂಡರೂ ಕೊನೆಗೆ ಊರು ಹೊಟ್ಟೆ ಹಿಡಿದುಕೊಂಡು ನಗುವಂಥದ್ದೇ ಏನಾದರೂ ಆಗುತ್ತದೆ. ನಾನು ಹೆಚ್ಚು ಓದಿದವನಲ್ಲ. ಮೋಸ ಕಂಡರೆ ಸುಮ್ಮನಿರುವವನೂ ಅಲ್ಲ. ಈ ಸಲ ಆದದ್ದು ಅಕ್ಕಿಹೆಬ್ಬಾಳಿನ ಆಚೆ ಇರುವ ನಮ್ಮೂರ ಹಾಲಿನ ಡೈರಿಯಲ್ಲಿ.

ನಮ್ಮ ಬೀದಿಯ ಮೂಲೆಮನೆ ಅಕ್ಕನ ಹಾಲು ಡೈರಿಯಿಂದ ವಾಪಸು ಬರುತ್ತಿತ್ತು. ಟೆಸ್ಟರು ಲ್ಯಾಕ್ಟೋಮೀಟರ್ ಇಳಿಬಿಟ್ಟು, "ಡಿಗ್ರಿ ಇಲ್ಲ ಕಣಕ್ಕ, ನೀರು ಬೆರ್ಸಿದ್ದೀಯ" ಅನ್ನುವುದು, ಆಕೆ ಮನೆದೇವರ ಮೇಲೆ ಆಣೆ ಇಡುವುದು. ವಿಚಿತ್ರ ಏನೆಂದರೆ ಸಂಜೆಯ ಹಾಲು ಸರಿಯಾಗಿರುತ್ತಿತ್ತು, ಬೆಳಗಿನ ಹಾಲಿಗೆ ಮಾತ್ರ ನೀರು. ಹದಿನೈದು ದಿನದಲ್ಲಿ ತಿದ್ದಿಕೊಳ್ಳದಿದ್ದರೆ ಸದಸ್ಯತ್ವ ರದ್ದು ಎಂದು ಕಮಿಟಿ ಹೇಳಿತು. ಎರಡು ಹಸು ನಂಬಿ ಸಂಸಾರ ನಡೆಸುವ ಹೆಂಗಸು ಆಕೆ. ನನಗೆ ಟೆಸ್ಟರ ಮೇಲೇ ಗುಮಾನಿ. ಡೈರಿ ಮುಂದೆ ನಿಂತು ಕೂಗಿದೆ: "ಜಗಲಿಗೊಂದು ಕ್ಯಾಮೆರಾ ಆಕ್ರಿ! ಯಾರು ಕಳ್ಳರು ಅಂತ ಊರೇ ನೋಡ್ಲಿ!"

೧. ಷರತ್ತು

"ಕ್ಯಾಮೆರಾ ಅಂದ್ರೆ ಹೊಸ ವೈರು, ಗೋಡೆ ಒಡೀಬೇಕು, ಆರು ತಿಂಗ್ಳು ಬೇಕು ಕಣಪ್ಪ" ಎಂದರು ಸೆಕ್ರೆಟರಿ.

ಸುಳ್ಳು. ಹಿಂದೆ ಒಂದು ಕ್ಯಾಮೆರಾ ಇತ್ತು, ಕೋತಿಗಳು ಕಿತ್ತುಹಾಕಿದ್ದವು. ಆದರೆ ಆಫೀಸಿನಿಂದ ಸೂರಿನವರೆಗೆ ಎಳೆದ ದಪ್ಪ ಕರಿ ವೈರು ಹಾಗೇ ಇತ್ತು. ತುದಿ ಕೆರೆದು ನೋಡಿದೆ. ಒಳಗಿನ ತಾಮ್ರ ಪಳಪಳ ಹೊಳೆಯಿತು. ಎರಡು ದಿನ ಮೊಬೈಲು ನೋಡಿ ಕಲಿತೆ. ಅದರ ಹೆಸರು ಕೋಆಕ್ಸಿಯಲ್. ಅನಲಾಗ್ ಜಾತಿಯ ಕ್ಯಾಮೆರಾ ತಂದರೆ ಅದೇ ವೈರಿಗೆ ಸಿಕ್ಕಿಸಬಹುದು, ಒಂದು ಇಟ್ಟಿಗೆಯನ್ನೂ ಮುಟ್ಟಬೇಕಿಲ್ಲ.

ಕಮಿಟಿ ಮುಂದೆ ಇದನ್ನು ಹೇಳಿದೆ. ಎಂಬತ್ತರ ಹತ್ತಿರದ ನಮ್ಮ ಅಧ್ಯಕ್ಷರು ವೈರಿನ ತುದಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಟೀವಿ ವೈರಲ್ವೇನ್ಲಾ?"

"ಅದೇ ಜಾತಿ, ದೊಡ್ಡಪ್ಪ."

"ಅಂಗಾರೆ ಸಂಜೆ ಹಾಲು ಅಳೆಯೋ ಒತ್ನಲ್ಲಿ ಇದ್ರಾಗೆ ಸೀರಿಯಲ್ಲು ಬಂದ್ಬುಟ್ರೆ? ಒಬ್ಳು ಹೆಂಗ್ಸೂ ಮನೆಗೆ ಓಗಲ್ಲ ಕಣ್ಲಾ!"

ನಾನು ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. ನಡಾವಳಿ ಪುಸ್ತಕದಲ್ಲಿ ಈಗಲೂ ಇದೆ: "ಕ್ಯಾಮೆರಾ ಅಳವಡಿಸಲು ಒಪ್ಪಲಾಗಿದೆ. ಧಾರಾವಾಹಿ ಬರತಕ್ಕದ್ದಲ್ಲ."

೨. ಟವೆಲಿನಲ್ಲಿ ಸುತ್ತಿದ ಡಬ್ಬ

ಸೆಕ್ರೆಟರಿಯ ಬೀರುವಿನಲ್ಲಿ ಹಳೇ ರೆಕಾರ್ಡಿಂಗ್ ಡಬ್ಬ ಸಿಕ್ಕಿತು. ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಹೋದೆ. ಅಂಗಡಿಯ ಸಾಬರು ಡಬ್ಬ ನೋಡಿ ಖುಷಿಪಟ್ಟರು.

"ಎಲ್ಲಾ ಬರೀ ಕ್ಯಾಮೆರಾ ಕೇಳ್ತಾರೆ ಅಣ್ಣಾ, ಡಬ್ಬ ಯಾರೂ ತರಲ್ಲ. ನೀವು ಶಾಣಾ ಇದ್ದೀರಿ. ಒಂದೊಂದು ಕ್ಯಾಮೆರಾ ಒಂದೊಂದು ಥರ ಸಿಗ್ನಲ್ ಕೊಡ್ತದೆ, ಈ ಬುಡ್ಡಾ ಡಬ್ಬಕ್ಕೆ ಎಲ್ಲಾ ಅರ್ಥ ಆಗಲ್ಲ. ಇಂಥದ್ದು ತಗೊಳ್ಳಿ, ವೈರಿನ ಬಾಲದಲ್ಲಿ ಗುಂಡಿ ಐತೆ, ಸಿಗ್ನಲ್ ಬದಲಾಯಿಸ್ಬೋದು."

"ಐದು ಮೆಗಾಪಿಕ್ಸೆಲ್ ಕೊಡಿ."

"ಬುಡ್ಡಾ ಎರಡಕ್ಕಿಂತ ಜಾಸ್ತಿ ತಿನ್ನಲ್ಲ. ಸುಮ್ನೆ ಯಾಕೆ?"

ವ್ಯಾಪಾರಿ ತಾನಾಗಿ ಸಣ್ಣದು ಸಾಕು ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೋತಿಯ ವಿಷಯ ಹೇಳಿದೆ. ಸಾಬರು ಕೊಳವೆಯಂಥ ಕ್ಯಾಮೆರಾ ಪಕ್ಕಕ್ಕಿಟ್ಟು, "ಇದು ಕೋತಿಗೆ ಹಿಡಿ ಇದ್ದಂಗೆ" ಎಂದು ಬೋಗುಣಿ ಕವುಚಿದಂಥದ್ದು ತೆಗೆದರು. ಲೋಹದ ಮೈ, ಮಳೆ ನೀರು ಇಳಿಯದಂತೆ ರಬ್ಬರಿನ ಬಳೆ. ಆಮೇಲೆ ಲೆನ್ಸಿನ ಪ್ರಶ್ನೆ ಬಂತು.

"ನಂಗೆ ಟೆಸ್ಟರ ಬೆರಳು ಕಾಣ್ಬೇಕು" ಎಂದೆ.

"ಬೆರಳು ಕಂಡ್ರೆ ಜಗಲಿ ಕಾಣಲ್ಲ. ಜಗಲಿ ಕಂಡ್ರೆ ಬೆರಳು ಸಣ್ಣದಾಗ್ತದೆ."

ಒಂದು ಟೀ ಕುಡಿಯುವಷ್ಟು ಹೊತ್ತು ಯೋಚಿಸಿ ಜಗಲಿ ಪೂರ್ತಿ ಕಾಣುವ ಅಗಲದ ಲೆನ್ಸನ್ನೇ ಆರಿಸಿದೆ. ಹೊರಡುವಾಗ ಕೇಳಿದೆ, "ಮಾತು ಕೇಳ್ಸುತ್ತಾ?"

"ಇದ್ರಲ್ಲಿ ಮೈಕ್ ಇಲ್ಲ. ನಿಮ್ಗೆ ಬ್ಯಾಡ ಬುಡಿ ಅಣ್ಣಾ. ನಿಮ್ ದನಿಗೆ ಮೈಕ್ ಇಟ್ರೆ ವಾರದೊಳಗೆ ವಾರಂಟಿಗೆ ಬರ್ತದೆ."

೩. ಕೆಂಪು ಹಾಲು

ಹಳೇ ವೈರಿಗೆ ಹೊಸ ಪಿನ್ನು ಹಾಕಿಸಿ ಕ್ಯಾಮೆರಾ ಸಿಕ್ಕಿಸಿದೆವು. ಆಫೀಸಿನ ಟೀವಿಯಲ್ಲಿ ಜಗಲಿ ಚೊಕ್ಕವಾಗಿ ಬಂತು. ಸೀರಿಯಲ್ ಬರಲಿಲ್ಲ. ಅಧ್ಯಕ್ಷರಿಗೆ ಸಮಾಧಾನವಾಯಿತು.

ಮಾರನೇ ದಿನ ಟೀವಿ ಹಾಕಿದರೆ ಜಗಲಿ ಕೆಂಪು, ಜನ ಕೆಂಪು, ಕ್ಯಾನಿಗೆ ಸುರಿಯುವ ಹಾಲೂ ಕೆಂಪು. ಯಾರ ಮುಖವೂ ತಿಳಿಯದು. ನನ್ನ ಪಿತ್ತ ನೆತ್ತಿಗೇರಿತು. ಸಾಬರಿಗೆ ಫೋನು ಮಾಡಿ ಕೂಗಾಡಿದೆ.

ಅವರು ತಣ್ಣಗೆ ಕೇಳಿದರು: "ಪೂಜೆ ಮಾಡಿದ್ರಾ?"

"ಊ, ನೆನ್ನೆ."

"ಕುಂಕುಮ ಎಲ್ಲಿಗೆ ಇಟ್ರು?"

ಏಣಿ ಹತ್ತಿ ನೋಡಿದರೆ ಗಾಜಿನ ಮೇಲೆ ಸರಿಯಾಗಿ ಲೆನ್ಸಿನ ಎದುರಿಗೆ ಕಾಸಗಲದ ಕುಂಕುಮ. ಪೂಜೆ ಮಾಡಿದ್ದು ಅಧ್ಯಕ್ಷರ ಹೆಂಡತಿ. ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಗೊಣಗುತ್ತಿದ್ದರೆ ಆಯಮ್ಮ ಕೆಳಗಿನಿಂದ ನನ್ನನ್ನೇ ಗದರಿದರು:

"ಅಣೆ ಎಲ್ಲದೆ ಅಂತ ಸುತ್ತಾ ಉಡುಕ್ದೆ ಕಣಪ್ಪ! ಅಣೆ ಇಲ್ದೇ ಇರೋದನ್ನ ತಂದವನು ನೀನು!"

೪. ಕಳ್ಳ ಸಿಕ್ಕ

ಗಡುವು ಮುಗಿಯುವ ದಿನದ ಬೆಳಿಗ್ಗೆಯೂ ಅಕ್ಕನ ಹಾಲು ವಾಪಸಾಯಿತು. ಆಕೆ ಬಾಡಿದ ಮುಖ ಹೊತ್ತು ನಿಂತಿದ್ದಳು. ಕಮಿಟಿಯವರು ರದ್ದಿನ ಕಾಗದ ಬರೆದಿಟ್ಟುಕೊಂಡೇ ಬಂದಿದ್ದರು. ನಾನು ಎಲ್ಲರನ್ನೂ ಆಫೀಸಿಗೆ ಎಳೆದುಕೊಂಡು ಹೋಗಿ ಅಂದಿನ ಚಿತ್ರ ಹಾಕಿದೆ.

ಟೆಸ್ಟರನ್ನು ಮೂರು ಸಲ ನೋಡಿದೆ. ಅವನ ಕೈ ಅಕ್ಕನ ಕ್ಯಾನಿನ ಹತ್ತಿರವೂ ಸುಳಿದಿರಲಿಲ್ಲ. ಅಕ್ಕ ಬಂದಳು. ಎಂದಿನಂತೆ ಸಾಲಿನಲ್ಲಿ ಗೋಡೆಯ ಪಕ್ಕ ಕ್ಯಾನಿಟ್ಟಳು. ಬೇರೆಯವರ ಕ್ಯಾನುಗಳಿಗೆ ಮುಚ್ಚಳ ಇತ್ತು, ಇವಳದ್ದಕ್ಕೆ ಇಲ್ಲ.

"ಕರೆದ ಬಿಸಿಗೆ ಮುಚ್ಚಳ ಬಿಗೀಬಾರ್ದು, ಹಾಲು ಕಮಟು ಬತ್ತದೆ ಅಂತ ನಮ್ಮತ್ತೆ ಏಳೋರು" ಎಂದಳು ಅಕ್ಕ.

ಚಿತ್ರದಲ್ಲಿ ಅವಳು ಕ್ಯಾನು ಬಿಟ್ಟು ಆಚೆ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದಳು. ಕ್ಯಾನಿನ ಬಳಿ ಒಂದು ನರಪಿಳ್ಳೆ ಇಲ್ಲ. ಆಗ ಮೇಲಿನಿಂದ ಏನೋ ಬೆಳ್ಳಗೆ ಹೊಳೆಯಿತು.

"ನಿಲ್ಸು! ಇಂದಕ್ಕೆ ಓಗು!" ಎಂದು ಅಧ್ಯಕ್ಷರು ನನಗೆ ಕೂಗಿದರು.

ಅಗಲದ ಲೆನ್ಸಿನಲ್ಲಿ ಸೂರಿನ ಅಂಚೂ ಬಿದ್ದಿತ್ತು. ಸೆಕ್ರೆಟರಿ ದಿನಾ ಬೆಳಿಗ್ಗೆ ಮಾತ್ರ ಹಾಕುವಂತೆ ಮೋಟ್ರು ಹಾಕಿದ್ದರು, ಸೂರಿನ ಮೇಲಿನ ನೀರಿನ ಟ್ಯಾಂಕು ತುಂಬಿತ್ತು, ಹೆಚ್ಚಾದ ನೀರು ಸಣ್ಣ ಪೈಪಿನಿಂದ ನೆಟ್ಟಗೆ ಅಕ್ಕನ ಕ್ಯಾನಿಗೇ ಬೀಳುತ್ತಿತ್ತು. ಎಲ್ಲರೂ ಅಲ್ಲೇ ಕ್ಯಾನು ತೊಳೆಯುವುದರಿಂದ ನೆಲ ಯಾವಾಗಲೂ ಒದ್ದೆ, ಒಬ್ಬರಿಗೂ ಗೊತ್ತಾಗಿರಲಿಲ್ಲ.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕಳ್ಳಿ ಅಂದ್ರಲ್ರಪ್ಪಾ" ಎಂದಳು. ಅಧ್ಯಕ್ಷರು ರದ್ದಿನ ಕಾಗದವನ್ನು ಅವಳ ಮುಂದೆಯೇ ಹರಿದರು. ಟೆಸ್ಟರು ನನ್ನ ಕಡೆ ತಿರುಗಿ, "ನನ್ನೂ ಕಳ್ಳ ಅಂದ್ಯಲ್ಲಣ್ಣೋ" ಎಂದ.

ನಾನು ಸಿಟ್ಟನ್ನೆಲ್ಲ ಟ್ಯಾಂಕಿನ ಮೇಲೆ ತಿರುಗಿಸಿದೆ. "ಯಾವನ್ಲಾ ಅವ್ನು, ಜನ ಹಾಲಿಡೋ ಜಾಗದ ನೆತ್ತಿ ಮೇಲೆ ಟ್ಯಾಂಕು ಇಡ್ಸಿದ್ದು? ಅವನಿಗೆ ಬುದ್ಧಿ ಬ್ಯಾಡ್ವಾ?"

ಅಧ್ಯಕ್ಷರು ನಿಧಾನವಾಗಿ ಕನ್ನಡಕ ತೆಗೆದರು.

"ನೀನೇ ಕಣ್ಲಾ. ಓದ ವರ್ಸ ಮೂರು ದಿನ ಇಲ್ಲೇ ಧರಣಿ ಕೂತಿದ್ದೆ. ಟ್ಯಾಂಕು ಈ ಜಾಗಕ್ಕೇ ಬರ್ಬೇಕು, ಒಂದ್ ಗೇಣು ಅತ್ಲಾಗೆ ಇಟ್ರೂ ಎದ್ದೇಳಲ್ಲ ಅಂತ!"