ಬಲದಿಂದ ಎಡಕ್ಕೆ ಬರೆದ ರಾಗ ಹಾಗೂ ವಾಚನಾಲಯದಲ್ಲಿ ಗುನುಗುವಿಕೆಯ ಕ್ರಮಬದ್ಧತೆ

ಯಹೂದಿ ಸಂಗೀತ ಸಂಗ್ರಹ ಶಾಖೆ, ಆಮ್‌ಸ್ಟರ್‌ಡ್ಯಾಮ್
ಸಂಖ್ಯೆ: ಯಸಂಶಾ/ಗುನುಗು/17

ಸುತ್ತೋಲೆ

ವಿಷಯ: ಕಾಣೆಯಾದ ರಾಗಗಳನ್ನು ಗುನುಗಿ ಹುಡುಕಿಸುವ ಓದುಗರ ಬಗ್ಗೆ.

ಉಲ್ಲೇಖ: (1) ಶ್ರೀಮತಿ ಯೆಟ್ಟಿ ಡ್ರೀಲ್ಸ್‌ಮಾ ಅವರ ಮನವಿ (ಗುನುಗಿದ್ದು, ಅರ್ಧ ಮಾತ್ರ).
(2) ಸದರಿಯವರ ಜ್ಞಾಪನೆ (ಮತ್ತದೇ ಅರ್ಧ).

ಪ್ರಸ್ತಾವನೆ: ಅರ್ಜಿದಾರರ ತಂದೆ ಯುದ್ಧಕ್ಕೆ ಮುಂಚೆ ಕಾಲುವೆಯಾಚೆಯ ಸಣ್ಣ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಅಂದರೆ ಸಿನಗಾಗ್‌ನಲ್ಲಿ ಪ್ರಾರ್ಥನಾ ಗಾಯಕರಾಗಿದ್ದರು. ಯೋಮ್ ಕಿಪ್ಪುರ್ ಉಪವಾಸದ ಸಂಜೆ, ಕಡೆಯ ಪ್ರಾರ್ಥನೆಗೆ, ತಾವೇ ಕಟ್ಟಿದ ರಾಗವೊಂದನ್ನು ಹಾಡುತ್ತಿದ್ದರು. ಆಗ ತೀರಾ ಚಿಕ್ಕವರಾಗಿದ್ದ ಅರ್ಜಿದಾರರು ಮಹಡಿಯ ಹೆಂಗಸರ ಸಾಲಿನಲ್ಲಿ, ತಾಯಿಯ ಮಡಿಲಲ್ಲಿ, ರಾಗ ಅರ್ಧಕ್ಕೆ ಬರುವಷ್ಟರಲ್ಲಿ ಪ್ರತಿ ವರ್ಷವೂ ನಿದ್ದೆಹೋಗುತ್ತಿದ್ದರೆಂದು ತಿಳಿದುಬಂದಿದೆ. ತಂದೆ ಯುದ್ಧದಿಂದ ಮರಳಲಿಲ್ಲ. ಅವರ ಕಾಗದಗಳು ಮಾತ್ರ, ಹೆಸರಿಲ್ಲದೆ ಬೇರೆಯವುಗಳೊಡನೆ ಬೆರೆತು, ಈ ಶಾಖೆಗೆ ಬಂದವು. ಉಳಿದರ್ಧವನ್ನು ಈ ವರ್ಷದ ಉಪವಾಸದಂದು ಅದೇ ಸಿನಗಾಗ್‌ನಲ್ಲಿ ಒಮ್ಮೆ ಕೇಳಬೇಕೆಂಬುದು ಅರ್ಜಿದಾರರ ಕೋರಿಕೆ. ಈ ಸಂಬಂಧ ಕೆಳಕಂಡಂತೆ ಆದೇಶಿಸಲಾಗಿದೆ.

1. ರಾಗದ ಹೆಸರು ತಿಳಿಯದ ಓದುಗರು ಕಿಟಕಿ ಪಕ್ಕದ ಮೇಜಿನಲ್ಲಿ ಮಾತ್ರ ಗುನುಗತಕ್ಕದ್ದು. ಸಹಾಯಕ ಶ್ರೀ ಬ್ರಾಮ್ ಸ್ಪೈಯರ್ ಅವರು, "ಅಮ್ಮಾ, ಗುನುಗಿದ್ದನ್ನ ಬರ್ಕೊಳ್ಳೋಕೆ ನಮ್ಮ ಪಟ್ಟೀಲಿ ಜಾಗಾನೇ ಇಲ್ವಲ್ಲ" ಎಂದು ನಿಯಮಾನುಸಾರ ತಿಳಿಸಿದ್ದು, ಅರ್ಜಿದಾರರು, "ಜಾಗ ಮಾಡು ಮಗಾ. ನನಗೇನು ಹದಿನಾರೇ, ಕಾಯ್ತಾ ಕೂರೋಕೆ?" ಎಂದು ಉತ್ತರಿಸಿರುತ್ತಾರೆ. ಅದರಂತೆ ಪಟ್ಟಿಯಲ್ಲಿ ಜಾಗ ಮಾಡಲಾಗಿದೆ.

2. ಓದುಗರು ಗುನುಗುವಾಗ ಸಿಬ್ಬಂದಿಯ ಮುಖ ನಿರ್ವಿಕಾರವಾಗಿರತಕ್ಕದ್ದು. ಕಣ್ಣು ತೇವವಾದಲ್ಲಿ ದಾಖಲೆಯಿಂದ ಒಂದು ಮೊಳ ದೂರ ಸರಿಯತಕ್ಕದ್ದು.

3. ಅಕ್ಕಪಕ್ಕದವರು ದನಿಗೂಡಿಸುವುದನ್ನು ನಿಷೇಧಿಸಲಾಗಿದೆ. ಕಳೆದ ಮಂಗಳವಾರ ಇಬ್ಬರು ಹಿರಿಯ ಓದುಗರು ದನಿಗೂಡಿಸಿದ್ದಲ್ಲದೆ, "ಇದು ನಮ್ಮ ಸಿನಗಾಗ್‌ದು ಕಣಯ್ಯಾ", "ನಿಮ್ಮಲ್ಲಿ ರಾಗ ಎಲ್ಲಿತ್ತು ಮಾರಾಯಾ? ಬರೀ ಕೆಮ್ಮು ಇತ್ತು" ಎಂದು ವಾದಿಸಿ ಶಾಂತಿ ಕದಡಿರುತ್ತಾರೆ. ಕೆಮ್ಮು ಯಾವ ಸಿನಗಾಗಿಗೆ ಸೇರಿದ್ದೆಂಬುದು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

4. ವಾಚನಾಲಯಕ್ಕೆ ತಿಂಡಿ ತರಕೂಡದು. ಶುಂಠಿ ಪಾಕದಲ್ಲಿ ಅದ್ದಿದ ಬೋಲಸ್ ಬನ್ನನ್ನು ಅರ್ಜಿದಾರರು, "ಈ ಹುಡುಗನ ಕೆನ್ನೆ ನೋಡಿ, ಇವನಿಗೆ ಊಟ ಹಾಕೋರೇ ಇಲ್ವಾ?" ಎನ್ನುತ್ತಾ ಶ್ರೀ ಸ್ಪೈಯರ್ ಅವರ ಜೇಬಿಗೆ ತುರುಕಿದ್ದು ನಿಯಮಬಾಹಿರ. ಜೇಬು ವಾಚನಾಲಯದ ಭಾಗವೇ ಎಂಬ ಅರ್ಜಿದಾರರ ಪ್ರಶ್ನೆ ಪರಿಶೀಲನೆಯಲ್ಲಿದೆ.

5. ಆದಾಗ್ಯೂ, ಸದರಿ ಬನ್ನಿನಿಂದಲೇ ರಾಗ ಪತ್ತೆಯಾಗಿದೆ ಎಂಬುದನ್ನು ವಿಷಾದದಿಂದ ದಾಖಲಿಸಲಾಗಿದೆ. ಪ್ರಾರ್ಥನಾ ಸಂಗೀತದ ಪೆಟ್ಟಿಗೆಗಳೆಲ್ಲ ಮುಗಿದ ಮೇಲೂ ಅರ್ಜಿದಾರರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಶ್ರೀ ಸ್ಪೈಯರ್ ಅವರು ಸಂಬಂಧವೇ ಇಲ್ಲದ 'ಆಧುನಿಕ ಪ್ರಯೋಗ ಸಂಗೀತ'ದ ಪೆಟ್ಟಿಗೆಯನ್ನು ತಂದಿಟ್ಟರು. ಒಂದು ಹಾಳೆಗೆ, ಜೇಬಿನ ಬನ್ನಿನಿಂದ ಅವರ ಬೆರಳಿಗೆ ಅಂಟಿದ್ದ ಪಾಕ ತಗುಲಿತು. ಕಲೆ ನೋಡಲೆಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅದರ ಹಿಂಬದಿಯಲ್ಲಿ ತಿರುಗಿ ಮೂಡಿದ ಸ್ವರಗಳು ಎದುರು ಕುಳಿತ ಅರ್ಜಿದಾರರ ಕಣ್ಣಿಗೆ ಬಿದ್ದವು. ಪಿಯಾನೊ ಕಲಿತಿದ್ದ ಅವರು ಆ ಕಡೆಯಿಂದಲೇ ಓದಿ ಗುನುಗತೊಡಗಿ, ನಡುವೆ ನಿಲ್ಲಿಸಿ, "ಅಲ್ಲಾಡಬೇಡ್ವೋ! ಅದು ನಮ್ಮಪ್ಪಂದು. ಮುಂದಿನದನ್ನ ಈಗ ಓದಲ್ಲ, ಸಿನಗಾಗ್‌ನಲ್ಲೇ ಕೇಳ್ತೀನಿ" ಎಂದಿರುತ್ತಾರೆ.

6. ಪ್ರಾರ್ಥನಾ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಿ ರೂಢಿಯಾಗಿದ್ದ ಆ ಗಾಯಕರು ಸ್ವರಗಳನ್ನೂ ಬಲದಿಂದಲೇ ಬರೆದಿದ್ದರು; ಹಾಗಾಗಿ ಹಿಂಬದಿಯಿಂದ ನೋಡಿದಾಗ ಅವು ಎಡದಿಂದ ಬಲಕ್ಕೆ ಸರಿಯಾಗಿ ಓದಿಸಿಕೊಂಡವು. ಪದಗಳು ಬಾಯಿಪಾಠವಿದ್ದುದರಿಂದ ಬರೆದಿರಲಿಲ್ಲ. ಈ ಶಾಖೆಯು ಅದನ್ನು ಎಡದಿಂದ ಓದಿ, ಕಳೆದ ವಾರ್ಷಿಕೋತ್ಸವದಲ್ಲಿ ನುಡಿಸಿ, ಸಾಲಿನ ಆರಂಭದ ಚಿಹ್ನೆ ಕೊನೆಯಲ್ಲಿರುವುದನ್ನು 'ಅಜ್ಞಾತ ಕಲಾವಿದನ ದಿಟ್ಟ ಬಂಡಾಯ' ಎಂದು ಕೈಪಿಡಿಯಲ್ಲಿ ಕೊಂಡಾಡಿತ್ತು. 'ದಿಟ್ಟ' ಎಂಬ ಪದವನ್ನು ಈ ಮೂಲಕ ಹಿಂಪಡೆಯಲಾಗಿದೆ. ಅಂದು ಎದ್ದುನಿಂತು ಚಪ್ಪಾಳೆ ತಟ್ಟಿದವರು ಕುಳಿತಿದ್ದರೆಂದು ಭಾವಿಸತಕ್ಕದ್ದು. ಅರ್ಜಿದಾರರೂ ಅಂದು ಹಾಜರಿದ್ದು, ತಲೆನೋವೆಂದು ಎದ್ದುಹೋಗಿದ್ದರು. ಸದರಿ ತಲೆನೋವನ್ನು ಸಕ್ರಮಗೊಳಿಸಲಾಗಿದೆ.

7. ಇನ್ನು ಮುಂದೆ ಯಾವ ಹಾಳೆಯನ್ನೂ ಎರಡೂ ಕಡೆಯಿಂದ ಓದದೆ ಮೆಚ್ಚತಕ್ಕದ್ದಲ್ಲ.

8. ಈಗಿನ ಪ್ರಾರ್ಥನಾ ಗಾಯಕರು ರಾಗವನ್ನು ಕಲಿಯುತ್ತಿದ್ದಾರೆ. ಪಟ್ಟಿಯ ತಿದ್ದುಪಡಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಸಲುವಾಗಿ ಉಪವಾಸದ ಸಂಜೆ ಶಾಖೆಯ ಎಲ್ಲರೂ ಸಿನಗಾಗ್‌ನಲ್ಲಿ ಹಾಜರಿರತಕ್ಕದ್ದು. ಅಂದು ಬರೆಯುವುದು ಧರ್ಮನಿಷಿದ್ಧವಾದ್ದರಿಂದ ನಕ್ಷತ್ರ ಮೂಡಿ ಉಪವಾಸ ಮುಗಿಯುವವರೆಗೆ ವರದಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರತಕ್ಕದ್ದು. ಹೊಟ್ಟೆಯ ಸದ್ದನ್ನು ವರದಿಯಲ್ಲಿ ಸೇರಿಸಕೂಡದು.

9. ರಾಗ ಅರ್ಧಕ್ಕೆ ಬಂದಾಗ ಅರ್ಜಿದಾರರಿಗೆ ಹಳೆಯ ಅಭ್ಯಾಸದಂತೆ ನಿದ್ದೆ ಬರುವ ಸಂಭವವಿದೆ. ಗಂಡಸರು ಕೆಳಗೆ ಕೂರುವುದರಿಂದ ಶ್ರೀ ಸ್ಪೈಯರ್ ಅವರನ್ನು ಈ ಕೆಲಸಕ್ಕೆ ನಿಯೋಜಿಸಲಾಗದು. ಆದ್ದರಿಂದ ಮಹಡಿಯಲ್ಲಿ ಅವರ ಪಕ್ಕದಲ್ಲೇ ಕುಳಿತು, ಭುಜ ತಟ್ಟಿ ಎಚ್ಚರಿಸುವ ಹೊಣೆಯನ್ನು ಕೆಳಗೆ ಸಹಿ ಮಾಡಿರುವವರು ಖುದ್ದಾಗಿ ವಹಿಸಿಕೊಂಡಿರುತ್ತಾರೆ. ಮಡಿಲು ಬೇಕೆಂದಲ್ಲಿ ಅದನ್ನೂ ಒದಗಿಸಲಾಗುವುದು.

(ಸಹಿ)
ಹೆನ್ರಿಯೆಟ್ ಪೊಲಾಕ್
ಶಾಖಾ ಮುಖ್ಯಸ್ಥೆ

ಪ್ರತಿಗಳು:
1. ವಾರ್ಷಿಕೋತ್ಸವದ ಪಿಯಾನೊ ವಾದಕರಿಗೆ: ಮತ್ತೆ ನುಡಿಸಬಾರದೆಂಬ ಕೋರಿಕೆಯೊಂದಿಗೆ.
2. ಕಲಂ 3ರ ಹಿರಿಯರಿಬ್ಬರಿಗೆ: ಒಂದೇ ಪ್ರತಿ, ಜೊತೆಗೆ ಕೂತು ಓದಲು.
3. ಶ್ರೀ ಬ್ರಾಮ್ ಸ್ಪೈಯರ್ ಅವರಿಗೆ: ಕೈ ತೊಳೆದುಕೊಂಡು ಓದಲು.
4. ಶ್ರೀಮತಿ ಯೆಟ್ಟಿ ಡ್ರೀಲ್ಸ್‌ಮಾ ಅವರಿಗೆ: ಅಂದು ಮಧ್ಯಾಹ್ನ ಸ್ವಲ್ಪ ಮಲಗಿ ಎದ್ದು ಬರಬೇಕೆಂಬ ವಿನಂತಿಯೊಂದಿಗೆ.