ಕಿವಿ ಡಾಕ್ಟರ ಕಾರಿನ ಕಟಕ್

ದಿನಾ ಯಾರಾದ್ರೊಬ್ರು ಜಯನಗರದ ನನ್ನ ಕ್ಲಿನಿಕ್ಕಿಗೆ ಬಂದು, "ಡಾಕ್ಟ್ರೇ, ಏನೋ ಶಬ್ದ ಬರುತ್ತೆ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ" ಅಂತಾರೆ. ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ಅಂಥ ಮಾತು ಕೇಳೋದೇ ನನ್ನ ಕಸುಬು. ಈ ವರ್ಷ ಮಾತ್ರ ಅದೇ ಮಾತನ್ನ ನಾನೇ ಹೊತ್ಕೊಂಡು ಗ್ಯಾರೇಜಿಂದ ಗ್ಯಾರೇಜಿಗೆ ಅಲೆದೆ. ಇಂಥವೆಲ್ಲ ಹುಡುಕ್ಕೊಂಡು ಬಂದು ನನಗೇ ಯಾಕೆ ಗಂಟುಬೀಳ್ತಾವೋ ಆ ಬನಶಂಕರಮ್ಮನಿಗೇ ಗೊತ್ತು.

ಇರಲಾರದೆ ಇರುವೆ

ನನ್ನ ಹತ್ರ ಒಂದು ಕೆಂಪು ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಸೆಕೆಂಡ್ ಹ್ಯಾಂಡು. ಕಾಲೇಜಿನ ಕಾಲದಿಂದ ಆಸೆಪಟ್ಟು, ತಲೆ ಅರ್ಧ ಬೆಳ್ಳಗಾದ ಮೇಲೆ ತಗೊಂಡಿದ್ದು. ಅದರ ಮೇಲೆ ನನಗೆ ಪ್ರಾಣ. ಸುಮ್ಮನೆ ಓಡಿಸ್ಕೊಂಡಿರಬೇಕಿತ್ತು. ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಾಗೆ ಸಂಕ್ರಾಂತಿ ಆದ ವಾರ ಅದರ ಸ್ವೇ ಬಾರ್ ಬದಲಾಯಿಸಿದೆ.

ಸ್ವೇ ಬಾರ್ ಅಂದ್ರೆ ಕಾರಿನ ಅಡಿಯಲ್ಲಿ ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ ಕೂತಿರೋ ಒಂದು ಕಬ್ಬಿಣದ ಸರಳು. ಜೋರಾಗಿ ತಿರುಗಿಸಿದಾಗ ಕಾರು ಒಂದು ಕಡೆ ವಾಲದ ಹಾಗೆ ಅದು ಹಿಡಿಯುತ್ತೆ. ದಪ್ಪ ಸರಳು ಹಾಕಿದ್ರೆ ವಾಲೋದು ಇನ್ನೂ ಕಮ್ಮಿ. ಇಷ್ಟನ್ನೂ ಹೆಂಡತಿಗೆ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸ್ಕೊಂಡು, ಅಷ್ಟು ಜೋರಾಗಿ ಎಲ್ಲಿ ತಿರುಗಿಸ್ತೀರಿ, ಬನಶಂಕರಿ ಬಸ್‌ಸ್ಟ್ಯಾಂಡ್ ಹತ್ರಾನಾ ಅಂದ್ಲು.

ಸಂತೋಷಪಟ್ಟಿದ್ದು ನಮ್ಮಮ್ಮ ಒಬ್ಬಳೇ. ಮಂಡಿನೋವಿನ ದೆಸೆಯಿಂದ ಆ ತಗ್ಗು ಕಾರಲ್ಲಿ ಅವಳು ಕೂತವಳೇ ಅಲ್ಲ. ಆದರೂ ಗಾಡಿಗೆ ಹೊಸ ಕಬ್ಬಿಣ ಬಂತು ಅಂದ್ರೆ ಪೂಜೆ ಆಗಲೇಬೇಕು ಅಂತ ಹಟ. ಬೀಗದ ಕೈ ಇಸ್ಕೊಂಡು, ನಾನು ಸ್ನಾನ ಮುಗಿಸಿ ಬರೋಷ್ಟರಲ್ಲಿ ಅರಿಶಿನ ಕುಂಕುಮ, ಊದುಬತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಎಲ್ಲ ಮುಗಿಸಿದ್ಲು.

ನಿಂಬೆಹಣ್ಣಿನ ಮೇಲೆ ಹತ್ತಿಸಿ ಹೊರಟೆ. ಪದ್ಮನಾಭನಗರದ ನಮ್ಮ ರಸ್ತೆಯ ಮೊದಲನೇ ಹಂಪಿನಲ್ಲೇ ಹಿಂದುಗಡೆಯಿಂದ ಕಟಕ್.

ಆಮೇಲೆ ಹಂಪಿಗೆ ಕಟಕ್, ಗುಂಡಿಗೆ ಕಟಕ್, ತಿರುವಿಗೆ ಕಟಕ್. ನಮ್ಮೂರಲ್ಲಿ ಈ ಮೂರು ಬಿಟ್ರೆ ರಸ್ತೆ ಅಂತ ಇನ್ನೇನಿದೆ? ಯುಗಾದಿ ಹೊತ್ತಿಗೆ ಪಕ್ಕದ ಸೀಟಲ್ಲಿ ಕೂರೋ ಹೆಂಡತಿಗೆ ತಲೆನೋವು ಶುರುವಾಯ್ತು. ಒಂದಿನ ಕಾಫಿ ಲೋಟ ಕೈಗೆ ಕೊಟ್ಟು ಗಡುವು ಹಾಕಿದ್ಲು. "ಆಷಾಢದಲ್ಲಿ ಹೇಗೂ ಯಾರೂ ಗಾಡಿ ಕೊಳ್ಳಲ್ಲ, ಅದು ಮುಗಿಯೋವರೆಗೆ ಇಟ್ಕೊಳ್ಳಿ. ಶ್ರಾವಣ ಬಂದ್ರೆ ಒಂದೋ ಶಬ್ದ ಹೋಗಿರ್ಬೇಕು, ಇಲ್ಲ ಕಾರು ಹೋಗ್ಬೇಕು."

ನನ್ನ ಹೆಂಡತಿ ಸುಮ್ಮನೆ ಹೆದರಿಸೋ ಪೈಕಿ ಅಲ್ಲ. ನನ್ನ ಹಳೇ ಬೈಕು ಹೋಗಿದ್ದೂ ಹೀಗೇ.

ಟಕ್ಕಾ, ಕಟಕ್ಕಾ

ಬಾರ್ ಹಾಕಿದ್ದ ಜೆ.ಪಿ. ನಗರದ ಗ್ಯಾರೇಜಿಗೇ ಮೊದಲು ಹೋದೆ. ಮೆಕ್ಯಾನಿಕ್ಕು ಓಡಿಸಿ ನೋಡಲಿಲ್ಲ, ಕೈಕಟ್ಕೊಂಡು ನಿಂತು, ಯಾವ ಥರ ಶಬ್ದ ಸಾರ್, ಮಾಡಿ ತೋರಿಸಿ ಅಂದ. ನಾನು ಟಕ್ ಅಂದೆ. ಟಕ್ ಆದ್ರೆ ಬುಷ್ಷು, ಕಟಕ್ ಆದ್ರೆ ಲಿಂಕು, ಸರಿಯಾಗಿ ಮಾಡಿ ಅಂದ. ಕಟಕ್ ಅಂದೆ. ಕೊನೇಲಿ ಎಳೀತದಾ, ಅಲ್ಲೇ ನಿಲ್ತದಾ ಅಂತ ಕೇಳಿದ. ನಾನು ನಾಲಿಗೆ ಮಡಚಿ, ಅಂಗುಳಕ್ಕೆ ಒತ್ತಿ, ಗಂಟಲಿಂದ ಜೋರಾಗಿ ಇನ್ನೊಂದು ಸಲ ಮಾಡಿದೆ.

ಹಿಂದೆ ಸ್ಟೂಲಿನ ಮೇಲೆ ಪೇಪರ್ ಓದ್ತಾ ಕೂತಿದ್ದ ಹಿರಿಯರೊಬ್ರು ಪೇಪರ್ ಇಳಿಸಿದ್ರು. ನೋಡಿದ್ರೆ ನನ್ನ ಪೇಷೆಂಟೇ.

"ಗಂಟಲಿಗೆ ತ್ರಾಸ ಕೊಡ್ಬೇಡಿ ಅಂತ ನನಗೆ ಹೇಳಿದ್ದು ನೀವೇ ಅಲ್ವಾ ಡಾಕ್ಟ್ರೇ?"

ಕೊನೆಗೆ ಮೆಕ್ಯಾನಿಕ್ಕು ಬಾರ್ ಹಿಡಿಯೋ ರಬ್ಬರ್ ಬುಷ್ಷುಗಳಿಗೆಲ್ಲ ಗ್ರೀಸ್ ಮೆತ್ತಿದ. ಡಿಕ್ಕೀಲಿ ಏನಾದ್ರೂ ಸಾಮಾನು ಇದ್ಯಾ ಅಂತಾನೂ ಕೇಳಿದ. ನಾನೇ ಬಾಗಿಲೆತ್ತಿ ತೋರಿಸಿದೆ. ಗುಡಿಸಿಟ್ಟ ಹಾಗೆ ಖಾಲಿ, ಮ್ಯಾಟ್ ಒಂದು ಬಿಟ್ರೆ ಏನಿಲ್ಲ. ವಾಪಸ್ ಬರೋವಾಗ ಕಟಕ್ ಮೊದಲಿನ ಹಾಗೇ ಇತ್ತು.

ಓನರ್ ಎಲ್ಲಿ

ಬಿ.ಟಿ.ಎಂ. ಲೇಔಟಿನ ಎರಡನೇ ಮೆಕ್ಯಾನಿಕ್ಕು ಹುರುಪಿನ ಮನುಷ್ಯ. ನಾನು ಓಡಿಸ್ತೀನಿ, ನೀವು ಡಿಕ್ಕೀಲಿ ಮಲ್ಕೊಂಡು ಶಬ್ದ ಎಡದಿಂದಲೋ ಬಲದಿಂದಲೋ ಹೇಳಿ ಸಾರ್, ನಿಮ್ಮದು ಕಿವಿ ಕೆಲಸ ತಾನೇ ಅಂದ. ನನ್ನ ಬುದ್ಧಿಗೆ ಮಂಕು ಬಡಿದಿತ್ತು, ಒಪ್ಪಿದೆ. ಎರಡು ಸೀಟಿನ ಕಾರಿನ ಡಿಕ್ಕಿ ಎಷ್ಟಿರುತ್ತೆ? ಮಂಡಿ ಮೂಗಿಗೆ ತಾಗಿಸ್ಕೊಂಡು, ಬಾಗಿಲನ್ನ ಉಸಿರಾಡೋಷ್ಟು ಎತ್ತಿ ಹಿಡಿದು ಮಲಗಿದೆ.

ಸಿಗ್ನಲ್ಲಲ್ಲಿ ಕಾರು ನಿಂತಾಗ ಯಾರೋ ಬಾಗಿಲು ತಟ್ಟಿದ್ರು. ಎತ್ತಿ ನೋಡಿದ್ರೆ ಟ್ರಾಫಿಕ್ ಪೊಲೀಸ್. ಯಾರ್ರೀ ನೀವು ಅಂದ. ಕಾರಿನ ಓನರ್ ಅಂದೆ. ಹಾಗಾದ್ರೆ ಓಡಿಸ್ತಿರೋದು ಯಾರು ಅಂದ. ಮೆಕ್ಯಾನಿಕ್ ಅಂದೆ. ಆತ ನನ್ನನ್ನೂ ಡ್ರೈವರ್ ಸೀಟನ್ನೂ ನೋಡಿದ. ಬೈತಾನೆ ಅಂದ್ಕೊಂಡೆ, ಪಾಪ, ನಿಟ್ಟುಸಿರು ಬಿಟ್ಟ.

"ಇಳಿದು ಮುಂದೆ ಕೂತ್ಕೊಳ್ಳಿ ಸಾರ್. ನಮ್ಮನೇಲೂ ಒಂದು ಹಳೇ ಕಾರಿದೆ."

ಇದರಲ್ಲಿ ಹೊಟ್ಟೆ ಉರಿಸಿದ್ದು ಏನಂದ್ರೆ, ನಾನು ಒಳಗಿದ್ದಷ್ಟು ಹೊತ್ತೂ ಒಂದೇ ಒಂದು ಕಟಕ್ ಬರಲಿಲ್ಲ. ಹಿಂದೆ ಭಾರ ಇದ್ರೆ ಶಬ್ದ ಇಲ್ಲ ಸಾರ್, ಒಂದು ಮೂಟೆ ಹಾಕ್ಬಿಡಿ ಅಂದ ಮೆಕ್ಯಾನಿಕ್ಕು. ಮನೆಗೆ ತಂದ ಸೋನಾಮಸೂರಿ ಮೂಟೇನ ಡಿಕ್ಕೀಲೇ ಬಿಟ್ಟೆ. ನಿಜವಾಗ್ಲೂ ಶಬ್ದ ನಿಂತುಹೋಯ್ತು. ನಾನು ಗೆದ್ದೆ ಅಂತ ಬೀಗಿದೆ. ಅಡುಗೆಮನೇಲಿ ಅಕ್ಕಿ ಡಬ್ಬ ತಳ ಕಂಡ ದಿನ ಹೆಂಡತಿ ಮೂಟೆ ಇಳಿಸ್ಕೊಂಡ್ಲು, ನಾನು ಶಬ್ದ ಏರ್ಸ್ಕೊಂಡೆ.

ಅಭ್ಯಾಸ ಆಗುತ್ತೆ

ಬೇಸಿಗೆ ಕಳೀತಿದ್ದ ಹಾಗೆ ಒಂದಿದ್ದ ಶಬ್ದ ಎರಡಾಯ್ತು. ಮೊದಲು ದೊಡ್ಡದೊಂದು ಕಟಕ್, ಅದರ ಹೊಟ್ಟೆಯೊಳಗೇ ಇನ್ನೊಂದು ಸಣ್ಣ ಲೊಟಕ್. ನನಗೆ ಜೀವವೇ ಹೋಯ್ತು. ಆಷಾಢ ಬಂದೇಬಿಟ್ಟಿತ್ತು. ಸಿದ್ದಾಪುರದಲ್ಲಿ ಇಂಥ ಕಾರುಗಳಿಗೆ ಹೆಸರುವಾಸಿ ಅನ್ನೋ ಮೂರನೇ ಮೆಕ್ಯಾನಿಕ್ ಹತ್ರ ಹೋದೆ, ಹೇಗಾದ್ರೂ ಮಾಡಿ ಇದನ್ನ ಉಳಿಸ್ಕೊಡಿ ಅಂತ ಕೈಮುಗಿಯೋದೊಂದು ಬಾಕಿ.

ಆತ ಕಾರು ಎತ್ತಿಸಿ, ಒಂದೊಂದು ಬೋಲ್ಟನ್ನೂ ಬಿಗಿದು, ಬಾರನ್ನ ಚಕ್ರದ ಕಡೆಗೆ ಸೇರಿಸೋ ಲಿಂಕು ಅಲ್ಲಾಡಿಸಿ, ಇಡೀ ಬೆಳಿಗ್ಗೆ ನೋಡಿದ. ಆಮೇಲೆ ಕೈ ಒರೆಸ್ಕೊಂಡು ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿದ. "ಗಾಡಿ ಗುಂಡುಕಲ್ಲಿನ ಥರ ಇದೆ ಸಾರ್, ಏನೂ ತೊಂದರೆ ಇಲ್ಲ. ಕೆಲವು ಶಬ್ದಕ್ಕೆ ಕಾರಣ ಇರಲ್ಲ. ಅದರ ಕಡೆ ಗಮನ ಕೊಡ್ಬೇಡಿ, ಅಭ್ಯಾಸ ಆಗುತ್ತೆ."

ಹಿಂದಿನ ದಿನ ತಾನೇ ಕಿವೀಲಿ ಗುಂಯ್ ಅನ್ನುತ್ತೆ ಅಂತ ಬಂದಿದ್ದ ರಿಟೈರ್ಡ್ ಮೇಷ್ಟ್ರಿಗೆ ಇದನ್ನೇ ಹೇಳಿ, ಫೀಸ್ ತಗೊಂಡು ಕಳಿಸಿದ್ದೆ.

ಶ್ರಾವಣ

ಶ್ರಾವಣ ಬಂತು, ಶಬ್ದ ಹೋಗಲಿಲ್ಲ. ಹೆಂಡತಿಯೇ ಹುಡುಕಿದ ಗಿರಾಕಿ, ಹನುಮಂತನಗರದ ಒಬ್ಬ ಕಾಂಟ್ರಾಕ್ಟರು, ಶುಕ್ರವಾರ ಬೆಳಿಗ್ಗೆ ಮನೆ ಮುಂದೆ ಹಾಜರು. ನನಗೆ ಕಣ್ಣು ತುಂಬಿ ಬಂದಿತ್ತು, ತೋರಿಸ್ಕೊಳ್ಳೋ ಹಾಗಿರಲಿಲ್ಲ. ಆತ ಬಾನೆಟ್ಟು ನೋಡಿದ, ಸೀಟು ನೋಡಿದ, ಸ್ಟೆಪ್ನಿ ಟೈರು ಹೇಗಿದೆ ನೋಡೋಣ ಅಂತ ಡಿಕ್ಕಿ ತೆಗೆದು ಮ್ಯಾಟ್ ಎತ್ತಿದ.

"ಇದೇನ್ ಸಾರ್ ಇದು?"

ಸ್ಟೆಪ್ನಿ ಇಡೋ ಗುಂಡಿಯೊಳಗೆ, ಟೈರಿನ ನಡುಮಧ್ಯೆ, ಮೇಲೆ ಭಾರ ಬಿದ್ರೆ ಮ್ಯಾಟ್ ಒತ್ತಿ ಹಿಡಿಯೋ ಹಾಗೆ, ಕುಂಕುಮ ಹಚ್ಚಿದ ಒಂದು ಜುಟ್ಟಿನ ತೆಂಗಿನಕಾಯಿ. ಸಂಕ್ರಾಂತಿಯಿಂದ ಅಲ್ಲೇ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿತ್ತು. ಎತ್ತಿ ಕಿವಿ ಹತ್ರ ಅಲ್ಲಾಡಿಸಿದೆ. ಲೊಟಕ್. ಕಾಯಿ ಮೆಟ್ಟಿಲ ಮೇಲಿಟ್ಟು, ಕಾರು ಹತ್ತಿ ಹಂಪಿನ ಮೇಲೆ ಹೋಗಿ ಬಂದೆ. ಸದ್ದೇ ಇಲ್ಲ. ಇನ್ನೊಂದು ಸಲ ಹೋಗಿ ಬಂದೆ. ಮಾರಲ್ಲ ಅಂದೆ. ಕಾಂಟ್ರಾಕ್ಟರು, ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ತಿದ್ದೀರಾ ಅಂತ ಗೊಣಗ್ತಾ ಹೊರಟ. ಹೆಂಡತಿ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ಲು.

ನನಗೆ ನೆತ್ತಿಗೇರಿತ್ತು. ಕಾಯಿ ಹಿಡ್ಕೊಂಡು ಒಳಗೆ ನುಗ್ಗಿ, ಇದನ್ನ ಇಟ್ಟವರು ಯಾರು ಅಂದೆ. ಅಮ್ಮ ಹೂ ಕಟ್ತಿದ್ದವಳು ತಲೆ ಎತ್ತದೆ, ಪೂಜೆ ಮಾಡಿದ ಕಾಯಿ ಕಣೋ, ಗಾಡಿಗೆ ರಕ್ಷೆ, ನಾನೇ ಇಟ್ಟೆ ಅಂದ್ಲು. ಹೇಳಬಾರದಿತ್ತಾ ಅಂದೆ. ನೀನು ಬಾರು ಬಾರು ಅಂತ ಒದ್ದಾಡ್ತಿದ್ದೆ, ಕಾಯಿ ಮಾತು ಎತ್ತಿದ್ಯಾ ಅಂದ್ಲು. ಆಮೇಲೆ ನಿಧಾನಕ್ಕೆ ಹೂವಿನ ದಾರ ಕೆಳಗಿಟ್ಟು ನನ್ನ ಮುಖ ನೋಡಿದ್ಲು.

"ಅಷ್ಟು ಗ್ಯಾರೇಜಿಗೆ ಹೋದ್ಯಲ್ಲ, ಏನಂದ್ರು?"

"ಗಾಡಿಗೆ ಏನೂ ತೊಂದರೆ ಇಲ್ಲ ಅಂದ್ರು."

"ಮತ್ತೆ? ಅದು ಯಾವ ಕಾಯಿ ದೆಸೆಯಿಂದ ಅಂದ್ಕೊಂಡೆ?"

ಹಾಗಂತ ಎದ್ದು ದೇವರ ಮನೆಗೆ ಹೋದವಳು ಹೊಸ ಕಾಯಿ ಹಿಡ್ಕೊಂಡು ಬಂದು, ಬೀಗದ ಕೈ ಕೊಡು ಅಂತ ಇನ್ನೊಂದು ಕೈ ಚಾಚಿದ್ಲು.